ಸ್ನಾರ್ಕ್ ದೋಣಿ, ಶಾರ್ಮಿಯನ್ ಮತ್ತು ಪೆಗ್ಗಿ ಎಂಬ ನಾಯಿಮರಿ

ಜಾಕ್ ಲಂಡನ್ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಹಿಮ, ಜಾರುಬಂಡಿ, ಆಮೇಲೆ ನಾಯಿಗಳು. 'ದಿ ಕಾಲ್ ಆಫ್ ದಿ ವೈಲ್ಡ್' (1903) ಕಾದಂಬರಿಯ ಬಕ್, 'ವೈಟ್ ಫ್ಯಾಂಗ್' (1906) ಕಾದಂಬರಿಯ ತೋಳನಾಯಿ. ಆದರೆ ಈ ಮನುಷ್ಯ ಹೆಂಡತಿಯ ಜೊತೆ ಸಾಕಿಕೊಂಡ ನಾಯಿಗಳಲ್ಲಿ ಎರಡು ಬೇರೆಯೇ ಜಾತಿಯವು. ಅವು ಹಿಮದ ನಾಯಿಗಳಲ್ಲ, ಕಡಲಿನ ನಾಯಿಗಳು. ಒಂದರ ಹೆಸರು ಪೆಗ್ಗಿ, ಇನ್ನೊಂದರದ್ದು ಪಾಸಮ್. ಗಂಡ, ಹೆಂಡತಿ, ಒಂದು ಹಾಯಿದೋಣಿ, ಒಂದು ನಾಯಿ... ಕೇಳಲಿಕ್ಕೆ ಎಷ್ಟು ಚಂದ ಅಲ್ವಾ? ಚಂದವೇ. ಆದರೆ ಪೆಗ್ಗಿ ಎಲ್ಲಿಂದ ಬಂದಳು ಅಂತ ಹಿಂದೆ ಹೋಗಿ ನೋಡಿದರೆ ಕತೆ ಬೇರೆ ಕಡೆ ತಿರುಗುತ್ತದೆ. ಅದನ್ನೇ ಇಲ್ಲಿ ಬರೆಯಬೇಕು ಅಂತ.

ಈ ಪ್ರಯಾಣದ ಬಗ್ಗೆ ಮುಖ್ಯವಾಗಿ ಎರಡು ಪುಸ್ತಕಗಳಿವೆ. ಜಾಕ್ ಬರೆದ 'ದಿ ಕ್ರೂಸ್ ಆಫ್ ದಿ ಸ್ನಾರ್ಕ್' (1911) ಮತ್ತು ಶಾರ್ಮಿಯನ್ ಬರೆದ 'ದಿ ಲಾಗ್ ಆಫ್ ದಿ ಸ್ನಾರ್ಕ್' (1915). ಎರಡಕ್ಕೂ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಎಲ್ಲರೂ ಓದುವುದು ಗಂಡನ ಪುಸ್ತಕವನ್ನು. ನನ್ನ ಸಲಹೆ ಕೇಳಿದರೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಗಂಡ ಬರೆದದ್ದು ಪತ್ರಿಕೆಗಳಿಗೆ ಕಳಿಸಿದ ಲೇಖನಗಳ ಕಟ್ಟು, ಹಾಸ್ಯ ಇದೆ, ಬಡಾಯಿ ಇದೆ. ಹೆಂಡತಿಯದು ದಿನಚರಿ. ಇವತ್ತು ಊಟಕ್ಕೆ ಏನು, ಯಾರಿಗೆ ಜ್ವರ, ಗಾಳಿ ಯಾವ ಕಡೆಯಿಂದ, ಇಂಥವು.

ಶುರುವಾದದ್ದು ಈಜುಕೊಳದ ದಂಡೆಯಲ್ಲಿ. ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್ ಎಂಬ ಊರಿನಲ್ಲಿ ಜಾಕ್, ಶಾರ್ಮಿಯನ್, ಅವಳ ಚಿಕ್ಕಮ್ಮನ ಗಂಡ ರಾಸ್ಕೋ ಈಮ್ಸ್ ಈಜಾಡಿ ಮರಳಲ್ಲಿ ಬಿದ್ದುಕೊಂಡು ಹರಟುತ್ತಿದ್ದರು. ಮಾತು ಜೋಶುವಾ ಸ್ಲೋಕಮ್ ಕಡೆ ಹೋಯಿತು. ಸ್ಲೋಕಮ್ 1895ರಿಂದ 1898ರವರೆಗೆ 'ಸ್ಪ್ರೇ' ಅನ್ನುವ 37 ಅಡಿಯ ದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿ ಬಂದವನು, ಹಾಗೆ ಒಂಟಿಯಾಗಿ ಸುತ್ತಿದವರಲ್ಲಿ ಮೊದಲಿಗ. ಅವನು ಮಾಡಿದ್ದನ್ನು ನಾವ್ಯಾಕೆ ಸ್ವಲ್ಪ ದೊಡ್ಡ ದೋಣಿಯಲ್ಲಿ ಮಾಡಬಾರದು? ಮೊದಲು ಮನೆ ಕಟ್ಟೋಣ, ತೋಟ ಮಾಡೋಣ, ಆಮೇಲೆ ಹೊರಡೋಣ ಅಂತ ಮೊದಲಿನ ಲೆಕ್ಕ. ಆಮೇಲೆ ಅನ್ನಿಸಿತು: ಮನೆ ಕಟ್ಟಿ ಮುಗಿಯುವಷ್ಟರಲ್ಲಿ ವಯಸ್ಸಾಗುತ್ತದೆ, ಈಗಲೇ ಹೋಗೋಣ. ಜಾಕ್‌ಗೆ ಆಗ ಮೂವತ್ತು, ಶಾರ್ಮಿಯನ್ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆಯಾದದ್ದು 1905ರ ನವೆಂಬರ್ 19ರಂದು. ಏಳು ವರ್ಷದ ಪ್ರಯಾಣದ ಯೋಜನೆ ಹಾಕಿದರು. ಕಡಲು ಮಾತ್ರ ಅಲ್ಲ, ಹಾಯಿಕಂಬಗಳನ್ನು ಇಳಿಸಿಟ್ಟು ಇಂಜಿನ್ ಹಾಕಿಕೊಂಡು ನೈಲ್, ಡಾನ್ಯೂಬ್, ಸೀನ್ ನದಿಗಳಲ್ಲೂ ಒಳಗೆ ಹೋಗಬೇಕು ಅಂತ.

ದೋಣಿ ಕಟ್ಟಿಸಿದ ಕತೆಯಂತೂ ಮನೆ ಕಟ್ಟಿಸಿದ ಯಾರಿಗೇ ಆಗಲಿ ಅರ್ಥವಾಗುತ್ತದೆ. ನೀರಿನ ಮಟ್ಟದಲ್ಲಿ 45 ಅಡಿ ಉದ್ದ, ಎರಡು ಹಾಯಿಕಂಬದ 'ಕೆಚ್' ಮಾದರಿ. ಹೆಸರು 'ಸ್ನಾರ್ಕ್', ಲೂಯಿಸ್ ಕ್ಯಾರಲ್‌ನ ಪದ್ಯದಲ್ಲಿ ಬರುವ, ಯಾರೂ ಕಾಣದ ಪ್ರಾಣಿಯದು. ಅಂದಾಜು 7,000 ಡಾಲರ್. ಅಡಿಪಟ್ಟಿಯ ಮರ ಇಡಬೇಕು ಅಂತ ಗೊತ್ತುಮಾಡಿದ ದಿನವೇ, 1906ರ ಏಪ್ರಿಲ್ 18ರಂದು, ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪವಾಗಿ ಊರು ಸುಟ್ಟುಹೋಯಿತು. ಆಮೇಲೆ ಮರ ಇಲ್ಲ, ಬಡಗಿ ಇಲ್ಲ, ಕಬ್ಬಿಣ ಇಲ್ಲ. ಇದ್ದದ್ದಕ್ಕೂ ಮೂರು ಪಟ್ಟು ಬೆಲೆ. ಹೊರಡುವ ತಾರೀಖು ಮುಂದೆ ಮುಂದೆ ಹೋಗುತ್ತಲೇ ಇತ್ತು, ಪತ್ರಿಕೆಗಳು ಗೇಲಿ ಮಾಡಿದವು, ಗೆಳೆಯರು ಪಣ ಕಟ್ಟಿದರು. ಕೊನೆಗೆ ಬಿದ್ದ ಖರ್ಚು ಸುಮಾರು 30,000 ಡಾಲರ್. ಇನ್ನೇನು ಹೊರಡಬೇಕು ಅನ್ನುವಾಗ ಒಬ್ಬ ಸಾಲಗಾರ 232 ಡಾಲರ್ ಬಾಕಿಗೆ ಕೋರ್ಟಿನಿಂದ ದೋಣಿಯನ್ನೇ ಜಪ್ತಿ ಮಾಡಿಸಿದ. ಅಂತೂ ಇಂತೂ 1907ರ ಏಪ್ರಿಲ್ 23ರಂದು ಓಕ್‌ಲ್ಯಾಂಡಿನಿಂದ ಹೊರಟರು.

ಹೊರಟ ಮೇಲೆ ಗೊತ್ತಾಯಿತು: ನೀರೊಳಗೆ ಬಿಡದ ಹಲಗೆಗಳೆಲ್ಲ ನೀರು ಬಿಡುತ್ತವೆ. 70 ಅಶ್ವಶಕ್ತಿಯ ಇಂಜಿನ್ ಕೂತ ಜಾಗದಿಂದ ಕಿತ್ತುಕೊಂಡು ಬರೀ ಭಾರವಾಗಿ ಮಲಗಿದೆ. ಜಾಕ್ ಹೆಮ್ಮೆಪಟ್ಟ ಸ್ನಾನದ ಕೋಣೆ ಮೊದಲ ದಿನಗಳಲ್ಲೇ ಕೆಟ್ಟಿದೆ. ಬಿರುಗಾಳಿಯಲ್ಲಿ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು, ಸ್ನಾರ್ಕ್ ಹಾಗೆ ನಿಲ್ಲಲಿಕ್ಕೇ ಒಪ್ಪಲಿಲ್ಲ. ಇದೆಲ್ಲಕ್ಕಿಂತ ಮಜಾ ಏನೆಂದರೆ ದಾರಿ ನೋಡಿಕೊಳ್ಳಬೇಕಿದ್ದ ರಾಸ್ಕೋಗೆ ನಡುಗಡಲಲ್ಲಿ ದಾರಿ ಲೆಕ್ಕ ಹಾಕುವುದು ಬರುತ್ತಿರಲಿಲ್ಲ! ಆತ ಸೈರಸ್ ಟೀಡ್ ಅನ್ನುವವನ ಶಿಷ್ಯ. ಆ ಪಂಥದ ನಂಬಿಕೆ ಪ್ರಕಾರ ನಾವು ಭೂಮಿಯ ಹೊರಮೈಮೇಲೆ ಇಲ್ಲ, ಟೊಳ್ಳು ಗೋಳದ ಒಳಗಡೆ ಇದ್ದೇವೆ. ಅಂಥವನ ಕೈಗೆ ಸೆಕ್ಸ್‌ಟಂಟ್ ಕೊಟ್ಟರೆ ಹವಾಯಿ ಎಲ್ಲಿ ಸಿಗಬೇಕು ಸ್ವಾಮೀ :-) ಜಾಕ್ ಪುಸ್ತಕ ಬಿಚ್ಚಿಕೊಂಡು ತಾನೇ ಲೆಕ್ಕ ಕಲಿತ. 27 ದಿನಕ್ಕೆ, ಮೇ 20ರಂದು, ಹವಾಯಿ ತಲುಪಿದರು. ರಾಸ್ಕೋ ಅಲ್ಲಿಂದ ಮನೆಗೆ ವಾಪಸ್.

ಇಲ್ಲಿ ಶಾರ್ಮಿಯನ್ ಬಗ್ಗೆ ಹೇಳಬೇಕು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು, ಶೀಘ್ರಲಿಪಿ ಮತ್ತು ಬೆರಳಚ್ಚು ಕಲಿತು ತನ್ನ ಅನ್ನ ತಾನೇ ದುಡಿದುಕೊಂಡವಳು. ಹೆಂಗಸರು ಕುದುರೆಯ ಮೇಲೆ ಒಂದು ಬದಿಗೆ ಕಾಲು ಇಳಿಬಿಟ್ಟು ಕೂರಬೇಕು ಅನ್ನುತ್ತಿದ್ದ ಕಾಲದಲ್ಲಿ ಗಂಡಸಿನ ಹಾಗೆ ಕೂತು ಓಡಿಸಿದವಳು. ಗಂಡನ ಜೊತೆ ಬಾಕ್ಸಿಂಗ್ ಆಡುತ್ತಿದ್ದಳು. ಸ್ನಾರ್ಕ್‌ನಲ್ಲಿ ಅವಳು ಪ್ರಯಾಣಿಕಳಲ್ಲ. ಸರದಿ ಪ್ರಕಾರ ಚುಕ್ಕಾಣಿ ಹಿಡಿದಳು, ರಾತ್ರಿ ಪಾಳಿ ಮಾಡಿದಳು. ಜಾಕ್ ಬೆಳಿಗ್ಗೆ ಸಾವಿರ ಪದ ಬರೆಯುತ್ತಿದ್ದ, ದಿನಕ್ಕೆ ಸಾವಿರ ಅವನ ವ್ರತ. ಕಡಲು ಹೇಗೇ ಇರಲಿ, ಅದನ್ನು ಟೈಪ್ ಮಾಡುವವಳು ಇವಳು. 'ಮಾರ್ಟಿನ್ ಈಡನ್' ಕಾದಂಬರಿ ಹೀಗೆ ಈ ಪ್ರಯಾಣದಲ್ಲೇ ಹುಟ್ಟಿತು. ಮನೆ ನಡೆಯುತ್ತಿದ್ದದ್ದೂ ಆ ಸಾವಿರ ಪದದ ಸಂಪಾದನೆಯಿಂದಲೇ. ಅಂದರೆ ಈ ದೋಣಿ ವಿಹಾರದ ದೋಣಿ ಅಂತ ಹೆಸರಿಗೆ ಮಾತ್ರ, ನಿಜದಲ್ಲಿ ಅದು ಮನೆ ಮತ್ತು ಆಫೀಸು.

ಹವಾಯಿಯಲ್ಲಿ ಐದು ತಿಂಗಳು ಇದ್ದರು. ವೈಕಿಕಿಯಲ್ಲಿ ಜಾಕ್ ಅಲೆಹಲಗೆಯ ಮೇಲೆ ನಿಲ್ಲಲಿಕ್ಕೆ ಕಲಿತು, ಬಿಸಿಲಿಗೆ ಮೈಸುಟ್ಟುಕೊಂಡು ಮಲಗಿದ. ಆ ಬಗ್ಗೆ ಅವನು ಬರೆದ ಲೇಖನದಿಂದಲೇ ಹೊರಗಿನ ಬಹಳ ಜನಕ್ಕೆ ಸರ್ಫಿಂಗ್ ಅಂದರೇನು ಅಂತ ತಿಳಿಯಿತು. ಆದರೆ ನನಗೆ ಮುಖ್ಯ ಅನ್ನಿಸುವುದು ಮೊಲೊಕಾಯಿ ದ್ವೀಪ. ಅಲ್ಲಿ ಕುಷ್ಠರೋಗಿಗಳನ್ನು ಸಮಾಜದಿಂದ ಬೇರ್ಪಡಿಸಿ ಇಟ್ಟಿದ್ದ ವಸತಿಗೆ ಗಂಡ ಹೆಂಡತಿ ಇಬ್ಬರೂ 1907ರ ಜುಲೈನಲ್ಲಿ ಹೋದರು, ಅವರ ನಡುವೆ ಉಳಿದರು, ಅವರ ಹಬ್ಬ ನೋಡಿದರು. ಕುಷ್ಠ ಅಂದರೆ ಜನ ಊರು ಬಿಟ್ಟು ಓಡುತ್ತಿದ್ದ ಕಾಲ ಅದು. ಅವರು ನಗುತ್ತಾರೆ, ಕುದುರೆ ಓಡಿಸುತ್ತಾರೆ, ನಮ್ಮ ಹಾಗೆಯೇ ಮನುಷ್ಯರು ಅಂತ ಜಾಕ್ ಬರೆದ. ಇದನ್ನು ನೆನಪಿಟ್ಟುಕೊಳ್ಳಿ. ಕಾಣಬೇಕು ಅಂತ ಹೊರಟರೆ ಕಾಣುವ ಕಣ್ಣು ಅವನಿಗೆ ಇತ್ತು.

ಹಿಲೋ ಬಂದರಿನಿಂದ 1907ರ ಅಕ್ಟೋಬರ್ 7ರಂದು ಹೊರಟು ಮಾರ್ಕೇಸಸ್ ದ್ವೀಪಗಳ ನುಕು ಹಿವಾ ತಲುಪಿದ್ದು ಡಿಸೆಂಬರ್ 6ಕ್ಕೆ. ಅರವತ್ತು ದಿನ. ನಡುವೆ ಒಂದು ತುಣುಕು ನೆಲ ಇಲ್ಲ, ಇನ್ನೊಂದು ಹಾಯಿ ಇಲ್ಲ. ಗಾಳಿ ಪೂರ್ವದಿಂದ ಬೀಸುವ ಕಡಲಲ್ಲಿ ಪೂರ್ವಕ್ಕೆ ಹೋಗಬೇಕು, ಹಾಯಿದೋಣಿಗೆ ಇದಕ್ಕಿಂತ ಕಷ್ಟ ಇನ್ನಿಲ್ಲ. ನವೆಂಬರ್ 20ರಂದು ನೋಡುತ್ತಾರೆ, ಉಳಿದಿದ್ದ ಕುಡಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೋರಿಹೋಗಿದೆ. ಒಬ್ಬರಿಗೆ ದಿನಕ್ಕೆ ಲೀಟರಿಗೂ ಕಡಿಮೆ ಅಂತ ಅಳೆದು ಕೊಟ್ಟರು. ಸುತ್ತಲೂ ಮೋಡ ಕವಿಯುತ್ತದೆ, ಅಲ್ಲಿ ಇಲ್ಲಿ ಸುರಿಯುತ್ತದೆ, ಇವರ ತಲೆಮೇಲೆ ಮಾತ್ರ ಬೀಳುವುದಿಲ್ಲ. ಕೊನೆಗೆ ಒಂದು ಸಲ ಹಿಡಿದು ಬಿತ್ತು ನೋಡಿ, ಎಲ್ಲ ಪಾತ್ರೆ ತುಂಬಿಕೊಂಡರು. ಅಷ್ಟು ದಿನವೂ ಶಾರ್ಮಿಯನ್ ದಿನಚರಿ ಬಿಟ್ಟಿಲ್ಲ, ಜಾಕ್ ಸಾವಿರ ಪದ ಬಿಟ್ಟಿಲ್ಲ. ಹಿಲೋದಲ್ಲಿ ಹೊಸದಾಗಿ ಸೇರಿದ ಯೋಶಿಮಾತ್ಸು ನಕಾತಾ ಅನ್ನುವ ಜಪಾನಿ ಹುಡುಗ ಆಗಿನಿಂದ ಎಷ್ಟೋ ವರ್ಷ ಇವರ ಮನೆಯವನೇ ಆಗಿಬಿಟ್ಟ. ಮುಂದೆ ಅವನು ಓದಿ ಹೊನೊಲುಲುವಿನಲ್ಲಿ ಹಲ್ಲಿನ ಡಾಕ್ಟರಾದ.

ತಾಹಿಟಿ, ಮೂರಿಯಾ, ರಯಟೇಯ... ಇವನ್ನು ಬೇಗ ದಾಟೋಣ. ತಹಾ ಅನ್ನುವ ದ್ವೀಪದಲ್ಲಿ ಮಾತ್ರ ಒಂದು ಗಳಿಗೆ ನಿಲ್ಲಬೇಕು. ಅಲ್ಲಿ ತೆಹೇಯಿ ಮತ್ತು ಬಿಹೌರಾ ಎಂಬ ಗಂಡ ಹೆಂಡತಿ ಇವರನ್ನು ಮನೆಗೆ ಕರೆದುಕೊಂಡು ಹೋಗಿ, ತಮ್ಮ ಹಾಸಿಗೆ ಬಿಟ್ಟುಕೊಟ್ಟು, ಮೀನು ಕೋಳಿ ಹಣ್ಣು ಅಂತ ಉಪಚರಿಸಿದ್ದೇ ಉಪಚರಿಸಿದ್ದು. ಅಂಥ ಆತಿಥ್ಯ ತಾನು ಎಲ್ಲೂ ಕಂಡಿಲ್ಲ ಅನ್ನುವ ಅರ್ಥದಲ್ಲಿ ಜಾಕ್ ಬರೆಯುತ್ತಾನೆ. ಆಮೇಲೆ ತೆಹೇಯಿ ನಾವಿಕನಾಗಿ ಸ್ನಾರ್ಕ್ ಹತ್ತಿದ, ಬಿಹೌರಾ ಊರಲ್ಲಿ ಉಳಿದಳು. ಒಂದು ಜೋಡಿ ಜೊತೆಯಾಗಿ ಭೂಮಿ ಸುತ್ತಲಿ ಅಂತ ಇನ್ನೊಂದು ಜೋಡಿ ಬೇರೆಯಾಯಿತು. ಈ ಮಾತು ಪುಸ್ತಕದಲ್ಲಿ ಇಲ್ಲ, ನನಗೆ ಅನ್ನಿಸಿದ್ದು.

ಆಮೇಲೆ ಸಮೋವಾ, ಅಲ್ಲಿಂದ ಫಿಜಿ. 1908ರಲ್ಲಿ ಇವರು ಫಿಜಿಯ ಸುವಾ ಬಂದರಿನಲ್ಲಿ ಲಂಗರು ಹಾಕಿದಾಗ ಆ ದ್ವೀಪದ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರು ನಮ್ಮವರು. 1879ರಲ್ಲಿ 'ಲಿಯೊನಿಡಾಸ್' ಹಡಗಿನಿಂದ ಶುರುವಾಗಿ 1916ರವರೆಗೆ ಸುಮಾರು 60,000 ಭಾರತೀಯರನ್ನು ಐದು ವರ್ಷದ ಕರಾರಿನ ಮೇಲೆ ಅಲ್ಲಿಗೆ ಸಾಗಿಸಿದರು. ಅಗ್ರಿಮೆಂಟ್ ಅನ್ನುವುದು ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು, ಅವರು ಗಿರ್ಮಿಟಿಯಾಗಳಾದರು. (ನಮ್ಮ ಹುಬ್ಬಳ್ಳಿ ಗಿರ್ಮಿಟ್ ಬೇರೆ ಬಿಡಿ!) 1903ರಿಂದ ಮದ್ರಾಸು ಬಂದರಿನಿಂದಲೂ ದಕ್ಷಿಣದವರನ್ನು ಒಯ್ಯಲು ಶುರುಮಾಡಿದ್ದರು, ಅವರಲ್ಲಿ ತಮಿಳರು ತೆಲುಗರೇ ಹೆಚ್ಚು. ಜಾಕ್‌ನ ಪುಸ್ತಕದಲ್ಲಿ ಹವಾಯಿಗೆ ಮೂರು ನಾಲ್ಕು ಅಧ್ಯಾಯ, ಫಿಜಿಗೆ ಅಂತ ಒಂದೂ ಇಲ್ಲ. ಫಿಜಿ ಬರುವುದು ಕ್ಯಾಪ್ಟನ್ ಬಿಟ್ಟುಹೋದ ಮೇಲೆ ತಾನೇ ದಾರಿ ಲೆಕ್ಕ ಹಾಕಿದ ತಮಾಷೆಯ ಅಧ್ಯಾಯದಲ್ಲಿ. ಇದನ್ನೇನೂ ದೊಡ್ಡ ಅಪರಾಧ ಅನ್ನುತ್ತಿಲ್ಲ. ಆದರೆ ದೋಣಿಯಲ್ಲಿ ಸುತ್ತುವವರಿಗೆ ಬಂದರು ಕಾಣುವಷ್ಟು ಗದ್ದೆ ಕಾಣುವುದಿಲ್ಲ ಅಂತ ಒಂದು ಗುರುತು ಹಾಕಿಕೊಂಡೆ. ಸೊಲೊಮನ್ ದ್ವೀಪಗಳಲ್ಲಿ ಆ ನೆಪಕ್ಕೂ ಜಾಗ ಇರಲಿಲ್ಲ.

1908ರ ಜೂನ್ ಕೊನೆಗೆ ಸೊಲೊಮನ್ ತಲುಪಿದರು. ಆಗ ಅದು ಬ್ರಿಟಿಷರ ರಕ್ಷಿತ ಪ್ರದೇಶ. ಕೊಬ್ಬರಿ ತೋಟಗಳು ಏಳುತ್ತಿದ್ದವು, ಕೂಲಿಗಳು ಬೇಕಿದ್ದರು. ಇದಕ್ಕೂ ಮುಂಚೆ ದಶಕಗಟ್ಟಲೆ ಈ ದ್ವೀಪಗಳ ಜನರನ್ನು ಹಡಗಿಗೆ ತುಂಬಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಬ್ಬಿನ ತೋಟಗಳಿಗೆ, ಫಿಜಿಗೆ ಸಾಗಿಸುತ್ತಿದ್ದರು. ಕೆಲವರು ಕರಾರಿಗೆ ಒಪ್ಪಿ ಹೋದರು, ಎಷ್ಟೋ ಜನರನ್ನು ಮೋಸದಿಂದ ಇಲ್ಲವೇ ಬಲವಂತದಿಂದ ಎತ್ತಿಕೊಂಡು ಹೋದರು. ಇದಕ್ಕೆ ಇಂಗ್ಲಿಷಿನಲ್ಲಿ 'ಬ್ಲ್ಯಾಕ್‌ಬರ್ಡಿಂಗ್' ಅಂತ ಹೆಸರು, ಕರಿಹಕ್ಕಿ ಬೇಟೆ! ಕ್ವೀನ್ಸ್‌ಲ್ಯಾಂಡಿಗೆ ಮಾತ್ರ 1863ರಿಂದ 1904ರವರೆಗೆ ಆದ ಕರಾರುಗಳ ಸಂಖ್ಯೆ ಸುಮಾರು 62,000. ಆಸ್ಟ್ರೇಲಿಯಾ ಬಿಳಿಯರದ್ದೇ ಆಗಬೇಕು ಅಂತ ನಿರ್ಧಾರವಾದ ಮೇಲೆ 1906ರಿಂದ 1908ರ ನಡುವೆ ಅವರಲ್ಲಿ ಸಾವಿರಾರು ಜನರನ್ನು ವಾಪಸ್ ಅಟ್ಟಿದರು. ಈಗ ಸೊಲೊಮನ್ನಿನ ಒಳಗೇ, ಮಲೈಟಾ ದ್ವೀಪದಿಂದ ಬೇರೆ ದ್ವೀಪಗಳ ತೋಟಗಳಿಗೆ ಕೂಲಿ ಸಾಗಣೆ. ಸಂಬಳ ವರ್ಷಕ್ಕೆ ಆರು ಪೌಂಡ್.

ಗ್ವಾಡಲ್‌ಕೆನಾಲ್ ದ್ವೀಪದ ಪೆಂಡಫ್ರಿನ್ ಎಂಬ ತೋಟದಲ್ಲಿ ಅತಿಥಿಗಳಾಗಿದ್ದ ಜಾಕ್ ದಂಪತಿ, 1908ರ ಆಗಸ್ಟ್‌ನಲ್ಲಿ 'ಮಿನೋಟಾ' ಎಂಬ ಕೂಲಿ ಸಾಗಿಸುವ ಹಾಯಿದೋಣಿ ಮಲೈಟಾಗೆ ಹೊರಟಾಗ ಜೊತೆಗೆ ಹೊರಟರು. ನೋಡಿಕೊಂಡು ಬರೋಣ ಅಂತ. ಮಿನೋಟಾದ ಹಿಂದಿನ ಕ್ಯಾಪ್ಟನ್ನನ್ನು ಆರು ತಿಂಗಳ ಹಿಂದೆ ಮಲೈಟಾದವರು ಕೊಂದಿದ್ದರು. ಇವರಿಗೆ ಕೊಟ್ಟ ಪುಟ್ಟ ಕೋಣೆಯ ಬಾಗಿಲಲ್ಲಿ ಕೊಡಲಿಯ ಏಟಿನ ಗುರುತುಗಳು ಇನ್ನೂ ಹಸಿಯಾಗಿದ್ದವು. ದೋಣಿಯ ಅಂಚಿಗೆ ಸುತ್ತಲೂ ಮುಳ್ಳುತಂತಿ. ಶಾರ್ಮಿಯನ್ ಕೈಯಲ್ಲೂ ಪಿಸ್ತೂಲು. ಅಲ್ಲಾ, ಮುಳ್ಳುತಂತಿ ಕಟ್ಟಿಕೊಂಡು ಹೋಗಿ ಕೂಲಿ ಕೇಳುವ ವ್ಯವಹಾರ ಯಾವ ಥರದ್ದು ಅಂತ ಯಾರಾದರೂ ಒಂದು ಗಳಿಗೆ ಯೋಚಿಸಬೇಕಲ್ಲ?

ಈ ದಿನಗಳಲ್ಲೇ ಶಾರ್ಮಿಯನ್‌ಗೆ ಪೆಗ್ಗಿ ಸಿಕ್ಕಳು. ಐರಿಶ್ ಟೆರಿಯರ್ ಮರಿ. ಒರಟು ಕೂದಲು, ಚುರುಕು ಕಣ್ಣು, ತನಗಿಂತ ಹತ್ತು ಪಟ್ಟು ದೊಡ್ಡದರ ಮೇಲೂ ಎಗರುವ ಜಾತಿ. ಆ ಜಾತಿಯ ನಾಯಿ ಐರ್ಲೆಂಡಿನಿಂದ ಸೊಲೊಮನ್ನಿಗೆ ಯಾಕೆ ಬಂತು? ತೋಟಗಳಲ್ಲೂ ಕೂಲಿ ಹಡಗುಗಳಲ್ಲೂ ಇಂಥ ನಾಯಿಗಳನ್ನು ಬೆಳೆಸಿ, ಕರಿಯ ಮೈಬಣ್ಣ ಕಂಡರೆ ಎರಗುವಂತೆ ಪಳಗಿಸುತ್ತಿದ್ದರು. ಬಿಳಿ ಯಜಮಾನ ಹತ್ತಿಪ್ಪತ್ತು ಜನ, ಕೂಲಿಗಳು ನೂರಾರು. ರಾತ್ರಿ ಯಾರಾದರೂ ಹತ್ತಿರ ಬಂದರೆ ಬೊಗಳಲಿಕ್ಕೆ, ಓಡಿಹೋದವನನ್ನು ಅಟ್ಟಿಸಿಕೊಂಡು ಹೋಗಲಿಕ್ಕೆ ನಾಯಿ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಜಾಕ್ ಲಂಡನ್‌ನೇ ಆಮೇಲೆ ಬರೆದ 'ಜೆರ್ರಿ ಆಫ್ ದಿ ಐಲ್ಯಾಂಡ್ಸ್' ಕಾದಂಬರಿಯಲ್ಲಿ ಇದೆ. ಅದರ ನಾಯಕ ಜೆರ್ರಿಯೂ ಐರಿಶ್ ಟೆರಿಯರ್, ಹುಟ್ಟಿದ್ದು ಸೊಲೊಮನ್ನಿನ ತೋಟದಲ್ಲಿ, ಅಪ್ಪ ಅಮ್ಮ ಇಬ್ಬರದೂ ಕೂಲಿಗಳನ್ನು ಅಟ್ಟುವ ಉದ್ಯೋಗ. ಕೂಲಿ ಹಡಗಿನ ಕ್ಯಾಪ್ಟನ್ ಜೆರ್ರಿಯನ್ನು ಸಾಕುತ್ತಾನೆ. ಮಿನೋಟಾದ ಅನುಭವವೇ ಆ ಕಾದಂಬರಿಯ ಹಿನ್ನೆಲೆ ಅಂತ ಜಾಕ್ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ.

ಮರಿಗೆ ಇದೇನು ಗೊತ್ತು ಪಾಪ. ಅದಕ್ಕೆ ಶಾರ್ಮಿಯನ್ ಬೇಕು, ಮಡಿಲು ಬೇಕು. ಶಾರ್ಮಿಯನ್‌ಗೂ ಅದು ಬೇಕಾಗಿತ್ತು. ಸುತ್ತಲೂ ಗಂಡಸರು, ಬಂದೂಕು, ಜ್ವರ, ಹುಣ್ಣು. ಹದಿನಾರು ತಿಂಗಳಿಂದ ನೆಲ ಅಲ್ಲಾಡದ ಮನೆ ಕಂಡಿಲ್ಲ. ಅವಳ ದಿನಚರಿಯಲ್ಲಿ ಪೆಗ್ಗಿ ಬಂದ ಕಡೆ ಬರಹಕ್ಕೆ ಬೇರೆಯೇ ಒಂದು ಕಳೆ ಬರುತ್ತದೆ. ನಾಯಿ ಸಾಕಿದ ಯಾರಿಗೇ ಆದರೂ ಆ ಪುಟಗಳು ಹಿಡಿಸುತ್ತವೆ, ನನಗೂ ಹಿಡಿಸಿದವು. ಕಷ್ಟ ಇರುವುದೂ ಅಲ್ಲೇ. ಅದೇ ಡೆಕ್ಕಿನ ಕೆಳಗೆ ಮಲೈಟಾದ ಹುಡುಗರು ಇದ್ದಾರೆ, ಮೂರು ವರ್ಷಕ್ಕೆ ಬರೆಸಿಕೊಂಡವರು. ಅವರಲ್ಲಿ ಯಾರದೂ ಹೆಸರು ನನ್ನ ನೆನಪಿನಲ್ಲಿ ಉಳಿಯಲಿಲ್ಲ. ಪೆಗ್ಗಿಯ ಹೆಸರು ಉಳಿಯಿತು.

ಮಲೈಟಾದ ಮಾಲು ಎಂಬಲ್ಲಿ ಮಿನೋಟಾ ಹವಳದ ದಿಬ್ಬಕ್ಕೆ ಬಡಿದು ಕೂತುಬಿಟ್ಟಿತು. ಅಲೆ ಎತ್ತಿ ಎತ್ತಿ ಕುಕ್ಕುತ್ತಿದೆ. ಸುತ್ತಲೂ ಮರದ ದೋಣಿಗಳಲ್ಲಿ ಆಯುಧ ಹಿಡಿದ ಜನ ಬಂದು ಕಾಯುತ್ತಾ ನಿಂತರು, ದೋಣಿ ಒಡೆದರೆ ಸಾಮಾನು ತಮಗೆ ಅಂತ. ಒಂದು ದೋಣಿಯವನ ಕೈಯಲ್ಲಿ ಚೀಟಿ ಕೊಟ್ಟು ಕಳಿಸಿ, 'ಯೂಜಿನಿ' ಎಂಬ ಇನ್ನೊಂದು ಕೂಲಿ ದೋಣಿಯ ಕ್ಯಾಪ್ಟನ್ ನೆರವಿಗೆ ಬಂದ ಮೇಲೆ ಉಸಿರಾಡಿದರು. ಮಿನೋಟಾ ಕೊನೆಗೆ ದಿಬ್ಬದಿಂದ ಬಿಡಿಸಿಕೊಂಡಿತು. ಜಾಕ್ ಇದನ್ನು ಸಾಹಸದ ಕತೆಯಾಗಿ ಬಹಳ ಚೆನ್ನಾಗಿ ಬರೆದಿದ್ದಾನೆ, ಕೈಯಲ್ಲಿ ಹಿಡಿದರೆ ಬಿಡಲಾಗುವುದಿಲ್ಲ. ದಡದವರು ಆ ದೋಣಿ ಒಡೆಯಲಿ ಅಂತ ಯಾಕೆ ಕಾಯುತ್ತಿದ್ದರು ಅನ್ನುವುದಕ್ಕೆ ಮಾತ್ರ ಅವನ ಹತ್ತಿರ ಒಂದೇ ಉತ್ತರ: ಅವರು ಕಾಡುಜನ. ಅದೇ ಮನುಷ್ಯ 'ಮೌಕಿ' ಎಂಬ ಕತೆಯಲ್ಲಿ ಮಲೈಟಾದ ಒಬ್ಬ ಕೂಲಿ ಪಟ್ಟ ಹಿಂಸೆಯನ್ನೂ, 'ದಿ ಚೈನಾಗೋ' ಕತೆಯಲ್ಲಿ ತಾಹಿಟಿಯ ತೋಟದ ಒಬ್ಬ ಚೀನೀ ಕೂಲಿಯನ್ನು ತಪ್ಪಾಗಿ ಗಿಲೋಟಿನ್‌ಗೆ ಕಳಿಸಿದ್ದನ್ನೂ ಬರೆದಿದ್ದಾನೆ. ಕತೆ ಬರೆಯುವಾಗ ಕಂಡದ್ದು ಡೆಕ್ಕಿನ ಮೇಲೆ ನಿಂತಾಗ ಕಾಣುತ್ತಿರಲಿಲ್ಲ. ಆ ಜಾಗದಿಂದ ಎಲ್ಲರೂ ತನ್ನ ಮನೆಗೆ ನುಗ್ಗಲು ಬಂದವರ ಹಾಗೆ ಕಂಡಿರಬೇಕು.

ಅಷ್ಟರಲ್ಲಿ ಎಲ್ಲರ ಮೈ ಹದಗೆಟ್ಟಿತ್ತು. ಮಲೇರಿಯಾ ಒಬ್ಬರನ್ನೂ ಬಿಡಲಿಲ್ಲ. ಚಿಕ್ಕ ಗೀರು ಬಿದ್ದರೂ ಹುಣ್ಣಾಗಿ ಹರಡುತ್ತಿತ್ತು, ಜಾಕ್ ಪಾದರಸದ ಔಷಧಿ ಸುರಿದು ತಾನೇ ಡಾಕ್ಟರಾದ. ಅವನ ಕೈಗಳು ಊದಿ ಚರ್ಮ ಪದರ ಪದರವಾಗಿ ಸುಲಿಯತೊಡಗಿತು, ಹಗ್ಗ ಹಿಡಿಯಲಾಗದು. ಜೊತೆಗೆ ಭಗಂದರ. 1908ರ ನವೆಂಬರ್‌ನಲ್ಲಿ ಉಗಿಹಡಗು ಹತ್ತಿ ಸಿಡ್ನಿಗೆ ಹೋದರು, ಅಲ್ಲಿ ಶಸ್ತ್ರಚಿಕಿತ್ಸೆಯಾಯಿತು, ವಾರಗಟ್ಟಲೆ ಆಸ್ಪತ್ರೆ. ಕೈಯ ರೋಗ ಏನು ಅಂತ ಡಾಕ್ಟರುಗಳಿಗೆ ತಿಳಿಯಲಿಲ್ಲ. ಏಳು ವರ್ಷದ ಪ್ರಯಾಣ ಎರಡನ್ನೂ ಮುಟ್ಟದೆ ನಿಂತಿತು. ಆ ನಿರ್ಧಾರಕ್ಕೆ ಶಾರ್ಮಿಯನ್ ಬಹಳ ಅತ್ತಳು. ಡಿಸೆಂಬರ್ 26ರಂದು ಅದೇ ಸಿಡ್ನಿಯಲ್ಲಿ ಜಾಕ್ ಜಾನ್ಸನ್ ಎಂಬ ಕಪ್ಪು ಬಾಕ್ಸರ್ ಟಾಮಿ ಬರ್ನ್ಸ್‌ನನ್ನು ಸೋಲಿಸಿ ವಿಶ್ವ ಹೆವಿವೇಟ್ ಪಟ್ಟ ಗೆದ್ದ. ವರದಿ ಬರೆದದ್ದು ನಮ್ಮ ಜಾಕ್. ಜಾನ್ಸನ್ ಮುಖದ ನಗು ಅಳಿಸಲು ನಿವೃತ್ತ ಬಿಳಿಯ ಚಾ೦ಪಿಯನ್ ಜೆಫ್ರೀಸ್ ವಾಪಸ್ ಬರಲಿ ಅಂತ ಕರೆ ಕೊಟ್ಟವನೂ ಇವನೇ.

ಪೆಗ್ಗಿ ಅಮೆರಿಕ ಕಾಣಲಿಲ್ಲ. ಸ್ನಾರ್ಕ್ ಕೂಡ. ಮೊದಲಿನ ತಂಡದಲ್ಲಿ ಕೊನೆಯವರೆಗೂ ಉಳಿದ ಮಾರ್ಟಿನ್ ಜಾನ್ಸನ್ (ಅಡುಗೆ ಬರದೆ ಅಡುಗೆಯವನಾಗಿ ಸೇರಿದವನು, ಮುಂದೆ ಹೆಂಡತಿ ಓಸಾ ಜೊತೆ ಕಾಡುಪ್ರಾಣಿಗಳ ಸಿನಿಮಾ ತೆಗೆದು ಹೆಸರಾದ) ಮತ್ತಿತರರು ದೋಣಿಯನ್ನು 1909ರಲ್ಲಿ ಸಿಡ್ನಿಗೆ ತಂದರು. 30,000 ಡಾಲರಿನ ದೋಣಿ ಅದರ ಒಂದು ಸಣ್ಣ ಪಾಲಿಗೆ ಮಾರಾಟವಾಗಿ ದ್ವೀಪಗಳ ನಡುವಿನ ವ್ಯಾಪಾರಕ್ಕೆ ಹೋಯಿತು.

ಆದರೆ ದೋಣಿಮನೆ ಬಿಡಲಿಲ್ಲ ಇವರು. 1910ರ ಜೂನ್‌ನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು, ಜಾಯ್ ಅಂತ ಹೆಸರಿಟ್ಟರು, ಎರಡು ದಿನವೂ ಬದುಕಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ರೋಮರ್' ಎಂಬ 30 ಅಡಿಯ ಹಳೆಯ ಹಾಯಿದೋಣಿ ಕೊಂಡರು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ, ಸ್ಯಾಕ್ರಮೆಂಟೋ ಮತ್ತು ಸ್ಯಾನ್ ವಾಕೀನ್ ನದಿಗಳು ಕವಲೊಡೆಯುವ ಜೊಂಡಿನ ಹಿನ್ನೀರು, ಅಲ್ಲಿ ವಾರಗಟ್ಟಲೆ ವಾಸ. ಬೆಳಿಗ್ಗೆ ಸಾವಿರ ಪದ, ಆಮೇಲೆ ಹಾಯಿ ಎತ್ತುವುದು, ಸಂಜೆ ಬಾತುಕೋಳಿ ಬೇಟೆ, ನಕಾತಾ ಅಡುಗೆ. ಭೂಮಿ ಸುತ್ತುವ ಹುಚ್ಚಿಲ್ಲ, ಪತ್ರಿಕೆಯವರಿಲ್ಲ. 1913ರ 'ದಿ ವ್ಯಾಲಿ ಆಫ್ ದಿ ಮೂನ್' ಕಾದಂಬರಿಯಲ್ಲಿ ಒಂದು ಲೇಖಕ ದಂಪತಿ ರೋಮರ್ ಅನ್ನುವ ದೋಣಿಯಲ್ಲಿ ಬಂದು ಹೋಗುತ್ತಾರೆ, ಅವರು ಇವರೇ. ನನಗೆ ಕೇಳಿದರೆ ಸ್ನಾರ್ಕ್‌ಗಿಂತ ರೋಮರ್ ದಿನಗಳೇ ಸುಖದ ದಿನಗಳು. ಅದರ ಬಗ್ಗೆ ಪುಸ್ತಕ ಬರೆಯದೆ ಇದ್ದದ್ದೇ ಅದಕ್ಕೆ ಸಾಕ್ಷಿ.

ಇನ್ನು ಪಾಸಮ್. 1912ರ ಮಾರ್ಚ್‌ನಲ್ಲಿ ಬಾಲ್ಟಿಮೋರ್‌ನಿಂದ 'ಡಿರಿಗೋ' ಎಂಬ ನಾಲ್ಕು ಕಂಬದ ದೊಡ್ಡ ಹಾಯಿಹಡಗು ಹತ್ತುವ ಮುಂಚೆ ಕೊಂಡ ಫಾಕ್ಸ್ ಟೆರಿಯರ್ ಮರಿ ಅದು. ಆ ಹಡಗಿಗೆ ಪ್ರಯಾಣಿಕರನ್ನು ಒಯ್ಯುವ ಪರವಾನಗಿ ಇರಲಿಲ್ಲ. ಹಾಗಾಗಿ ದಾಖಲೆಯಲ್ಲಿ ಜಾಕ್ ಮೂರನೇ ಮೇಟ್, ಶಾರ್ಮಿಯನ್ ಉಪಚಾರಕಿ! ಪಾಸಮ್‌ಗೆ ಯಾವ ಹುದ್ದೆ ಕೊಟ್ಟರೋ. ಕೇಪ್ ಹಾರ್ನ್ ಸುತ್ತಿಕೊಂಡು 148 ದಿನಕ್ಕೆ, ಜುಲೈ 26ರಂದು, ಸಿಯಾಟಲ್ ತಲುಪಿದರು. ಶಾರ್ಮಿಯನ್ ಆಗ ಬಸುರಿ. ಆಗಸ್ಟ್‌ನಲ್ಲಿ ಅದೂ ಇಳಿದುಹೋಯಿತು. ಮುಂದೆ ಮಕ್ಕಳಾಗಲಿಲ್ಲ. ಮರುವರ್ಷ, 1913ರ ಆಗಸ್ಟ್‌ನಲ್ಲಿ, ವರ್ಷಗಟ್ಟಲೆ ಕಲ್ಲಿನಲ್ಲಿ ಕಟ್ಟಿಸಿದ 'ವುಲ್ಫ್ ಹೌಸ್' ಗೃಹಪ್ರವೇಶಕ್ಕೆ ಮೊದಲೇ ಒಂದು ರಾತ್ರಿ ಸುಟ್ಟುಹೋಯಿತು. ಈಜುಕೊಳದ ದಂಡೆಯಲ್ಲಿ ಮುಂದೂಡಿದ ಮನೆ ಹೀಗೆ ಕೊನೆಗೂ ಆಗಲಿಲ್ಲ. ಉಳಿದದ್ದು ರೋಮರ್, ಪಾಸಮ್.

ಜಾಕ್ 1916ರ ನವೆಂಬರ್ 22ರಂದು ತೀರಿಕೊಂಡ, ನಲವತ್ತು ವರ್ಷಕ್ಕೆ. ಶಾರ್ಮಿಯನ್ 1955ರವರೆಗೆ ಬದುಕಿದ್ದಳು. ಪೆಗ್ಗಿಯ ನಾಡಿನ 'ಜೆರ್ರಿ'ಯೂ ಅದರ ಮುಂದಿನ ಭಾಗ 'ಮೈಕೆಲ್, ಬ್ರದರ್ ಆಫ್ ಜೆರ್ರಿ'ಯೂ 1917ರಲ್ಲಿ ಹೊರಬಂದವು. ಮೈಕೆಲ್ ಅನ್ನುವ ನಾಯಿಯನ್ನು ಕದ್ದು ಸರ್ಕಸ್ಸಿನಂಥ ಆಟಗಳಲ್ಲಿ ಪಳಗಿಸುವ ಕ್ರೌರ್ಯ ಆ ಎರಡನೇ ಪುಸ್ತಕದ ವಸ್ತು. ಅದನ್ನು ಓದಿದ ಜನ ಎಷ್ಟು ಮರುಗಿದರು ಅಂದರೆ 1918ರಲ್ಲಿ 'ಜಾಕ್ ಲಂಡನ್ ಕ್ಲಬ್' ಅಂತಲೇ ಒಂದು ಸಂಘ ಹುಟ್ಟಿ, ಲಕ್ಷಗಟ್ಟಲೆ ಸದಸ್ಯರಾದರು. ಪ್ರಾಣಿಗಳನ್ನು ಆಡಿಸುವ ಆಟ ಶುರುವಾದ ಕೂಡಲೇ ಎದ್ದು ಹೊರಗೆ ಹೋಗುವುದು ಅವರ ವ್ರತ. ಒಳ್ಳೆಯ ಕೆಲಸ, ಎಷ್ಟೋ ಮೂಕಪ್ರಾಣಿಗಳಿಗೆ ಅದರಿಂದ ಒಳ್ಳೆಯದಾಯಿತು.

ಸೊಲೊಮನ್ ತೋಟಗಳಲ್ಲಿ ಮಲೈಟಾ ಹುಡುಗರ ಕೂಲಿ ಆ ವರ್ಷವೂ ಆರೇ ಪೌಂಡ್ ಇತ್ತು.